ಯಾರ ಊರಿನ ಕಥೆ

ಭಾನುವಾರ ಸಂಜೆ ಟಿವಿಯಲ್ಲಿ ಬರುವ ಆ ವ್ಯಂಗ್ಯದ ಕಾರ್ಯಕ್ರಮ ನೋಡಲು ವಠಾರದ ಹೆಂಗಸರು ನಮ್ಮ ಮನೆಗೇ ಬರುತ್ತಿದ್ದರು. ದೊಡ್ಡ ಟಿವಿ ಇದ್ದದ್ದು ನಮ್ಮಲ್ಲಿ ಮಾತ್ರ. ಇದು ಯಾರನ್ನೂ ಉದ್ದೇಶಿಸಿದ್ದಲ್ಲ ಎಂದು ಮೊದಲೇ ಬರೆದು ತೋರಿಸುತ್ತಿದ್ದರು. ಅದನ್ನು ನಂಬುವಷ್ಟು ಪಾಪದವರು ನಮ್ಮ ವಠಾರದಲ್ಲಿ ಯಾರೂ ಇರಲಿಲ್ಲ. ಕೆರೆ ನುಂಗಿದ ಮೆಂಬರ್ ಕಥೆ ಬಂದರೆ ಮಾಗಡಿ ಅಕ್ಕ ಅದು ತಮ್ಮ ಕಡೆಯದೇ ಎಂದು ಪಟ್ಟು ಹಿಡಿಯುತ್ತಿದ್ದರು. ಎದುರುಮನೆಗೆ ಕನಕಪುರದಿಂದ ಸೊಸೆಯಾಗಿ ಬಂದವಳು, ನುಂಗುವಂಥ ಕೆರೆ ನಿಮ್ಮಲ್ಲಿ ಎಲ್ಲಿದೆ ಎಂದು ಕಾಲೆಳೆಯುತ್ತಿದ್ದಳು. ಹಗರಣವೂ ತವರಿನ ಆಸ್ತಿ ಎಂಬಂತೆ ಕಿತ್ತಾಟ. ನನಗೆ ಕಥೆಗಿಂತ ಆ ಕಿತ್ತಾಟವೇ ಇಷ್ಟ.

ಈ ವರ್ಷ ನನ್ನ ಗಂಡನನ್ನು ಹಾಲಿನ ಡೈರಿಯ ಸೆಕ್ರೆಟರಿ ಕೆಲಸದಿಂದ ಅಮಾನತು ಮಾಡಿದರು. ಕ್ಯಾನಿಗೆ ನೀರು ಬೆರೆಸಿದರೆಂಬ ದೂರು. ವಿಚಾರಣೆ ಮುಗಿಯುವವರೆಗೆ ಇಲ್ಲಿ ಮುಖ ತೋರಿಸಲಾರೆ ಎಂದು ಅವರು ಕೂಟಗಲ್ಲಿನ ಅಣ್ಣನ ಮನೆಗೆ ಹೋದರು. ತಾವು ತಪ್ಪು ಮಾಡಿಲ್ಲ ಎಂದರು, ನಂಬಿದೆ. ವಠಾರದವರೂ ನಂಬಿದ್ದಾರೆ ಅಂದುಕೊಂಡಿದ್ದೆ. ಒಬ್ಬಳಿಗೋಸ್ಕರ ಮುದ್ದೆ ತೊಳಸಲು ಮನಸ್ಸು ಬಾರದೆ ಅನ್ನಕ್ಕೆ ಇಟ್ಟು ದಿನ ತಳ್ಳುತ್ತಿದ್ದೆ. ಭಾನುವಾರಕ್ಕೆ ಮಾತ್ರ ಕಾಯುತ್ತಿದ್ದೆ.

ಅಂಥದೊಂದು ಭಾನುವಾರವೇ ಡೈರಿ ಸೆಕ್ರೆಟರಿಯ ಕಥೆ ಬಂತು. ನಲ್ಲಿಯ ಪೈಪನ್ನೇ ಕ್ಯಾನಿಗೆ ಬಿಟ್ಟು, ಹಾಲಿನ ಗಟ್ಟಿತನ ಅಳೆಯುವ ಮೀಟರ್ ಎತ್ತಿ ಹಿಡಿದು, ಡಿಗ್ರಿ ಸರಿಯಾಗಿದೆ ಎನ್ನುತ್ತಾನೆ. ಟಿವಿಯೊಳಗಿನ ಜನ ಬಿದ್ದು ಬಿದ್ದು ನಕ್ಕರು. ನಮ್ಮ ಮನೆಯಲ್ಲಿ ಯಾರೂ ಮಿಸುಕಲಿಲ್ಲ. ಯಾರಾದರೂ ಇದು ನಮ್ಮ ಕಡೆಯದು ಎಂದು ಜಗಳ ತೆಗೆಯಲಿ ಎಂದು ನಾನು ಕಾದೆ.

“ಇದ್ಯಾವ್ದೋ ದೂರದೂರಿನ್ ಕಥೆ ಕಣವ್ವ,” ಅಂದರು ಮಾಗಡಿ ಅಕ್ಕ.

ಕನಕಪುರದವಳು ಹೌದೆಂದು ತಲೆಯಾಡಿಸಿದಳು. ಇಷ್ಟು ವರ್ಷದಲ್ಲಿ ಅವರಿಬ್ಬರೂ ಒಪ್ಪಿಕೊಂಡ ಮೊದಲ ಕಥೆ ಅದು. ಸಾವಿನ ಮನೆಗೆ ಬಂದವರ ಹಾಗೆ ಕಾಫಿ ಲೋಟಗಳನ್ನು ತಾವೇ ತೊಳೆದಿಟ್ಟು, ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡು ಹೋದರು. ಮುಖದ ಮೇಲೆ ಅಂದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವರ ಮರ್ಯಾದೆ ಅದಕ್ಕೂ ಬಿಡಲಿಲ್ಲ. ಗಂಡ ಹೊರಟುಹೋದ ದಿನವೂ ಅಷ್ಟು ಒಂಟಿ ಅನ್ನಿಸಿರಲಿಲ್ಲ.

ಬೆಳಿಗ್ಗೆ ಗಂಡನೇ ಫೋನು ಮಾಡಿದರು. ಅಣ್ಣನ ಮನೆಯವರೆಲ್ಲ ಕೂತು ಆ ಕಾರ್ಯಕ್ರಮ ನೋಡಿದರಂತೆ. ಆಮೇಲೆ ಕೇಳಿದರು.

“ಅದು ನಂದೇ ಕಥೆ ಅನ್ನುಸ್ತಾ ನಿಂಗೆ?”

ಅಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಇವರೂ ಮೀಟರನ್ನು ಹಾಗೇ ಎತ್ತಿ ಹಿಡಿಯುತ್ತಿದ್ದರಾ ಎಂದು ನಾನು ನೆನಪು ಮಾಡಿಕೊಳ್ಳುತ್ತಿದ್ದೆ.

“ತಿಂಡಿ ಆಯ್ತಾ?” ಅಂದೆ.

ಆಯ್ತು ಎಂದು ಫೋನಿಟ್ಟರು.