ಹಾವಿನ ಬಾಯಿಯ ಮನೆ

ಮುಳಬಾಗಿಲಿನ ಆ ಹಜಾರವನ್ನು ನೋಡಲು ಕೋಲಾರದಿಂದ, ಮಾಲೂರಿನಿಂದ, ಶ್ರೀನಿವಾಸಪುರದಿಂದ ಎಷ್ಟೋ ಮೇಷ್ಟರುಗಳು ಬಂದು ಹೋದರು. ನೋಡಿದವರೆಲ್ಲ ಮೆಚ್ಚಿದರು. ಆ ಮೆಚ್ಚುಗೆಯ ಮಾತುಗಳು ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಲವತ್ತರ ದಶಕದ ಮೊದಲ ವರ್ಷಗಳವು. ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಊರಿನ ಅನುಕೂಲಸ್ಥರು ಸೇರಿ ನಡೆಸುತ್ತಿದ್ದ ಶಾಲೆ. ಅದರ ಅಧ್ಯಕ್ಷರಿಗೆ ದೇವರಾಯಸಮುದ್ರದ ಕೆರೆಯ ಕೆಳಗೆ ಗದ್ದೆಗಳಿದ್ದವು. ಮೈಮೇಲೆ ಖಾದಿ, ಬಾಯಲ್ಲಿ ಸಮಾಜ ಸುಧಾರಣೆ. ಒಮ್ಮೆ ಮೈಸೂರಿನ ದಸರಾ ವಸ್ತುಪ್ರದರ್ಶನ ನೋಡಿ ಬಂದವರೇ, ಸಮಾಜದ ಕೆಡುಕುಗಳನ್ನು ಮಕ್ಕಳಿಗೆ ತಿಳಿಸುವ ಪ್ರದರ್ಶನವೊಂದು ನಮ್ಮ ಶಾಲೆಯಲ್ಲೂ ಕಾಯಂ ಆಗಿ ಇರಬೇಕೆಂದರು. ಅದಕ್ಕಾಗಿ ಶಾಲೆಯ ಉದ್ದನೆಯ ಹಜಾರವನ್ನು ಬಿಟ್ಟುಕೊಟ್ಟರು.

ಅವರ ತಲೆಯಲ್ಲಿ ಇದ್ದದ್ದು ಗಾಜಿನ ಬೀರುಗಳು, ಒಳಗೆ ಮಣ್ಣಿನ ಗೊಂಬೆಗಳು, ಪಕ್ಕದಲ್ಲಿ ನೀತಿಬೋಧೆಯ ಚೀಟಿಗಳು.

"ಬೀರುವಿನೊಳಗೆ ಇಟ್ಟಿದ್ದನ್ನ ಮಕ್ಕಳು ಒಂದ್ಸಲ ನೋಡ್ತಾರೆ, ಮರೆತುಬಿಡ್ತಾರೆ. ಕೈಯಲ್ಲಿ ಹಿಡಿದು, ಕಾಲಲ್ಲಿ ತುಳಿದು ಆಡೋ ಹಾಗೆ ಮಾಡೋಣ," ಎಂದೆ.

"ನೀವೇ ಮಾಡಿ ಟೀಚರಮ್ಮ. ಈ ವಿಷಯ ನಿಮಗಿಂತ ಗೊತ್ತಿರೋರು ಇನ್ಯಾರಿದ್ದಾರೆ," ಎಂದರು.

ಒಂಬತ್ತು ವರ್ಷಕ್ಕೆ ನನಗೆ ಮದುವೆಯಾಗಿತ್ತು. ಹನ್ನೊಂದಕ್ಕೆ ಗಂಡ ತೀರಿಹೋಗಿದ್ದ. ಅವನ ಮುಖ ನನಗೆ ನೆನಪಿಲ್ಲ. ಅಧ್ಯಕ್ಷರು ಕುಹಕದಿಂದ ಹೇಳಿರಲಿಲ್ಲ, ಆದರೂ ಆ ಮಾತು ಚುಚ್ಚಿತು.

ವೈಕುಂಠ ಏಕಾದಶಿಯ ಜಾಗರಣೆಗೆ ಎಲ್ಲರ ಮನೆಯಲ್ಲೂ ಹಾವು ಏಣಿ ಆಡುತ್ತಿದ್ದರು. ಅದನ್ನೇ ಹಜಾರದ ನೆಲದ ತುಂಬ ಎಣ್ಣೆಬಣ್ಣದಲ್ಲಿ ಬರೆದೆ. ಒಂದೊಂದು ಮನೆಯೂ ಒಂದು ಮಗು ನಿಲ್ಲುವಷ್ಟು ದೊಡ್ಡದು. ಮಕ್ಕಳೇ ಕಾಯಿಗಳು. ಕವಡೆ ಹಾಕಿ, ಬಿದ್ದಷ್ಟು ಮನೆ ನಡೆಯಬೇಕು. ಓದು, ಚೊಕ್ಕಟ, ಸಿಡುಬಿನ ಚುಚ್ಚುಮದ್ದು ಇವೆಲ್ಲ ಏಣಿಗಳು. ಹೆಂಡ, ಸಾಲ, ಕೊಳಕು ಇವು ಹಾವುಗಳು. ಎಲ್ಲಕ್ಕಿಂತ ಉದ್ದನೆಯ ಹಾವು ಬಾಲ್ಯವಿವಾಹ. ಕೊನೆಯ ಮನೆಯ ಮೇಲೆ ತೊಲೆಗೆ ಒಂದು ಉಯ್ಯಾಲೆ ಕಟ್ಟಿಸಿದ್ದೆ. ಗೆದ್ದವಳು ಅದರಲ್ಲಿ ತೂಗಿಕೊಳ್ಳಬಹುದು.

ಹಾವಿನ ಬಾಯಿ ಮಕ್ಕಳ ಕಣ್ಣಿಗೆ ಬೀಳಲೆಂದು ಅಲ್ಲಿ ಕೆಂಪು ಸೀರೆಯ ತುಂಡು, ಬಳೆ, ಬಾಸಿಂಗ ಇಟ್ಟಿದ್ದೆ. ಆಟ ಶುರುವಾದ ಮೊದಲ ದಿನವೇ ಹುಡುಗಿಯರೆಲ್ಲ ಅಲ್ಲಿಗೇ ನುಗ್ಗಿದರು. ಆ ಮನೆಗೆ ಬೀಳಲೆಂದು ಕವಡೆಯನ್ನು ಸುಳ್ಳು ಎಣಿಸಿದರು. ಬಾಸಿಂಗಕ್ಕಾಗಿ ಜಡೆ ಹಿಡಿದು ಜಗಳವಾಡಿದರು. ಯಾರಿಗೂ ಉಯ್ಯಾಲೆ ಬೇಕಿರಲಿಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ನನ್ನ ಮದುವೆಯ ದಿನ ನಾನೂ ಬಾಸಿಂಗ ಕಟ್ಟಿಕೊಂಡು ಕುಣಿದಿದ್ದೆನಂತೆ, ಅಮ್ಮ ಹೇಳುತ್ತಿದ್ದಳು.

ಮಾರನೆಯ ದಿನ ಅವನ್ನೆಲ್ಲ ತೆಗೆದುಹಾಕಿದೆ. ಹಾವಿನ ಬಾಲದ ಹತ್ತಿರ ನಿಜವಾದ ಬೀಸುವ ಕಲ್ಲು ಇರಿಸಿದೆ. ಬಟ್ಟೆಯ ಗೊಂಬೆಗೆ ಮರಳು ತುಂಬಿ ಭಾರ ಮಾಡಿದೆ. ಹಾವಿಗೆ ಸಿಕ್ಕವಳು ಗೊಂಬೆಯನ್ನು ಮಡಿಲಲ್ಲಿ ಇಟ್ಟುಕೊಂಡು ಪಾವು ರಾಗಿ ಬೀಸಬೇಕು; ಅಷ್ಟರಲ್ಲಿ ಉಳಿದವರು ಮುಂದೆ ಹೋಗಿಬಿಡುತ್ತಾರೆ. ತಪ್ಪಿಸಿಕೊಳ್ಳುವ ದಾರಿಯೂ ಒಂದಿತ್ತು. ಹಾವಿನ ಬಾಯಿಯ ಹತ್ತಿರ ನಿಂತು, ಹಜಾರದ ಆ ಕೊನೆಗೆ ಕೇಳುವಂತೆ "ಬೇಡ" ಎಂದರೆ ಆ ಮನೆಯನ್ನು ದಾಟಬಹುದು.

ನೋಡಲು ಸುಲಭದ ನಿಯಮ. ಆದರೆ ಆ ಹುಡುಗಿಯರ ಬಾಯಿಂದ ಆ ಮಾತು ಹೊರಡಲೇ ಇಲ್ಲ. ಪಿಸುಗುಟ್ಟುತ್ತಿದ್ದರು, ನಗುತ್ತಿದ್ದರು, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಮೊದಲು ಗಟ್ಟಿಯಾಗಿ ಅಂದವಳು ಅಧ್ಯಕ್ಷರ ಮೊಮ್ಮಗಳು. ಹನ್ನೊಂದರ ಹುಡುಗಿ, ಕಡ್ಡಿಯಂಥ ಕೈಕಾಲು, ಆದರೆ ಗಂಟಲು ಮಾತ್ರ ಗಂಟೆ. ಅವಳು ಕೂಗಿದರೆ ತೊಲೆಯ ಮೇಲಿನ ಪಾರಿವಾಳಗಳು ಹಾರುತ್ತಿದ್ದವು. ಪ್ರಾರಂಭೋತ್ಸವದ ದಿನ ಕೋಲಾರದಿಂದ ಬಂದ ಅಧಿಕಾರಿಗಳ ಮುಂದೆ ಅವಳೇ ಆಡಿ ತೋರಿಸಿದಳು. ಅವಳು "ಬೇಡ" ಎಂದು ಕೂಗಿ ಹಾವನ್ನು ದಾಟಿದಾಗ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವರು ಅವಳ ತಾತ. ಆಮೇಲೆ ಬಾಲ್ಯವಿವಾಹದ ಮೇಲೆ ಗಂಟೆಗಟ್ಟಲೆ ಮಾತಾಡಿದರು.

ಕೆಲವು ತಿಂಗಳು ಕಳೆದು ಒಂದು ಬೆಳಿಗ್ಗೆ ಅವರು ಶಾಲೆಗೆ ಬಂದರು. ಕೂರಲಿಲ್ಲ.

"ನೆನ್ನೆ ಶ್ರೀನಿವಾಸಪುರದೋರು ಮಗೂನ ನೋಡೋಕೆ ಬಂದಿದ್ರು. ಅವರ ಎದುರಿಗೇ ಬೇಡ ಅಂತ ಕಿರುಚಿದ್ಲು. ಯಾರು ಹೇಳಿಕೊಟ್ಟಿದ್ದು?"

"ನೀವೇ ಚಪ್ಪಾಳೆ ತಟ್ಟಿದಿರಿ, ಯಜಮಾನರೇ."

"ಅದು ಪ್ರದರ್ಶನ ಕಣಮ್ಮ."

ಇನ್ನೆರಡು ವರ್ಷ ಓದಲಿ ಬಿಡಿ ಎಂದು ಬೇಡಿಕೊಂಡೆ. ಅವರ ಕಾಲಿಗೆ ಬೀಳುವುದೊಂದು ಬಾಕಿ.

"ಮಾವಿನ ತೋಪಿರೋ ಮನೆ. ಕೈಬಿಟ್ರೆ ಮತ್ತೆ ಸಿಗುತ್ತಾ? ಮುಂದಿನ ವರ್ಷ ಮಾಡೋಣ ಅಂತಿದ್ವಿ. ಇನ್ನು ಕಾಯೋ ಹಾಗಿಲ್ಲ, ಬಾಯಿ ಬಂದುಬಿಟ್ಟಿದೆ ಅವಳಿಗೆ," ಎಂದು ಹೊರಟುಹೋದರು. ಅವಳನ್ನು ಅವತ್ತೇ ಶಾಲೆ ಬಿಡಿಸಿದರು.

ನನ್ನ ಆಟದಿಂದಲೇ ಮದುವೆ ಬೇಗ ನಿಶ್ಚಯವಾಯಿತೆಂದು ಊರಿನವರು ಆಡಿಕೊಂಡರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಬಾಯಿ ಬಂದ ಮಗುವಿನದು ತಪ್ಪಲ್ಲ, ಬಾಯಿ ಕೊಟ್ಟವಳದೂ ಅಲ್ಲ.

ಮದುವೆಯ ಊಟಕ್ಕೆ ಶಾಲೆಯ ಹಜಾರವೇ ಅನುಕೂಲವೆಂದು ತೀರ್ಮಾನವಾಯಿತು. ಬೀಗದಕೈ ತೆಗೆದುಕೊಳ್ಳಲು ಹುಡುಗಿಯ ಅಜ್ಜಿ ಬಂದರು, ಜೊತೆಗೆ ಅವಳೂ ಇದ್ದಳು. ಅಜ್ಜಿ ನನ್ನ ಮುಖ ನೋಡದೆ ಮೆಟ್ಟಿಲ ಮೇಲೇ ನಿಂತು, ಅವಳನ್ನು ಒಳಗೆ ಕಳಿಸಿದರು. ನಾನು ಬೀಗದಕೈ ಕೊಡುವಾಗ ಅವಳು ಮೆಲ್ಲಗೆ ಕೇಳಿದಳು:

"ಟೀಚರಮ್ಮ, ನಾನು ಜೋರಾಗೇ ಅಂದೆ. ಇನ್ನೂ ಜೋರಾಗಿ ಅನ್ಬೇಕಿತ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಹೊರಗಿನಿಂದ "ಪದವೇ" ಎಂದು ತೆಲುಗಿನಲ್ಲಿ ಹೊರಡಲು ಅವಸರಪಡಿಸಿದರು. ಅವಳು ಬೀಗದಕೈ ಹಿಡಿದು ಹೊರಗೆ ಓಡಿದಳು.

ಮದುವೆಯ ದಿನ ನನ್ನಂಥವಳು ಎದುರಿಗೆ ಬರಬಾರದಲ್ಲ, ಆಫೀಸು ಕೋಣೆಯಲ್ಲಿ ಇರಬೇಕೆಂದು ಹೇಳಿಕಳಿಸಿದ್ದರು. ನಾನು ಬಾಗಿಲ ಸಂದಿಯಿಂದ ನೋಡಿದೆ. ಗೋಡೆಯುದ್ದಕ್ಕೂ ಎರಡು ಸಾಲು ಚಾಪೆ ಹಾಸಿ ಎಲೆ ಹಾಕಿದ್ದರು. ನಡುವೆ ಓಡಾಡುವ ಜಾಗದಲ್ಲಿ ನನ್ನ ಬಣ್ಣ ಹಾಗೇ ಕಾಣುತ್ತಿತ್ತು. ಬಡಿಸುವವರ ಕಾಲಡಿಯಲ್ಲಿ ಹಾವೂ ಏಣಿಯೂ ಒಂದೇ ಆಗಿದ್ದವು. ಉಯ್ಯಾಲೆಯನ್ನು ಮೇಲಕ್ಕೆ ಎತ್ತಿ ತೊಲೆಗೆ ಸುತ್ತಿದ್ದರು.

ಓಲಗದೊಂದಿಗೆ ಮದುಮಕ್ಕಳು ಬಂದರು. ಮೀಸೆ ಬಲಿತ ಗಂಡು ಮುಂದೆ, ಅವಳು ಹಿಂದೆ, ನಡುವೆ ಅವಳ ಸೆರಗಿಗೂ ಅವನ ಉತ್ತರೀಯಕ್ಕೂ ಹಾಕಿದ ಗಂಟು. ಅವನಿಗೆ ಆಟ ಗೊತ್ತಿಲ್ಲ. ಹಾವಿನ ಬಾಯಿಯನ್ನು ತುಳಿದುಕೊಂಡೇ ಹೋದ. ಅವಳು ಅಲ್ಲಿ ನಿಂತುಬಿಟ್ಟಳು. ಗಂಟು ಬಿಗಿಯಾಯಿತು, ಅವನು ತಿರುಗಿ ನೋಡಿದ. ಅವಳು ಎರಡೂ ಕೈಯಲ್ಲಿ ನಿರಿಗೆ ಎತ್ತಿ ಹಿಡಿದು, ಬಾಸಿಂಗ ಕಟ್ಟಿದ ತಲೆಯನ್ನು ಮೇಲೆತ್ತಿ, ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಂಡಿತು. ಜೋರಾಗಿಯೇ ಅಂದಿರಬೇಕು. ಓಲಗದ ಸದ್ದಿನಲ್ಲಿ ಬಾಗಿಲ ಸಂದಿಯವರೆಗೆ ಏನೂ ಬರಲಿಲ್ಲ. ಆ ಮನೆಯನ್ನು ಒಂದೇ ಹೆಜ್ಜೆಗೆ ದಾಟಿ, ಗಂಟು ಎಳೆದ ಕಡೆಗೆ ಅವಳು ನಡೆದಳು.