ರಾಯಭಾರಿಗಳು ಮಾಡದ ಪ್ರಮಾಣ

ಕಾಪೆಲ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ನಿಮಗೆ ನೆನಪಿರಬಹುದು ಮಕ್ಕಳೇ. ನೀವು ಅವರ ಮೀಸೆಯನ್ನಷ್ಟೇ ನೋಡಿದ್ದೀರಿ, ಉಳಿದದ್ದನ್ನು ನಾನು ಹೇಳುತ್ತೇನೆ. ಅವರು ಬಲ್ಗೇರಿಯಾದವರು. ಹರೆಯದಲ್ಲಿ ಸೈನ್ಯದ ಅಧಿಕಾರಿಯಾಗಿ ಗಡಿಯ ಬೆಟ್ಟಗಳಲ್ಲಿ ಹಿಮದ ನಡುವೆ ಕಾವಲಿದ್ದರು. ಅಲ್ಲಿನ ಆಡಳಿತ ಬದಲಾದ ಮೇಲೆ ಸಮವಸ್ತ್ರ ಬಿಚ್ಚಿಟ್ಟು, ಚುನಾವಣೆಗೆ ನಿಂತು ಮಂತ್ರಿಯಾದರು. ಆಮೇಲೆ ಎರಡು ಮೂರು ದೇಶಗಳಲ್ಲಿ ರಾಯಭಾರಿಯಾಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅಮೆರಿಕದಲ್ಲಿದ್ದ ಮಗಳ ಮನೆಗೆ ಬಂದು, ಕಸದ ಡಬ್ಬಿಯನ್ನು ರಸ್ತೆಯಂಚಿಗೆ ಇಡುವ ಖಾತೆ ವಹಿಸಿಕೊಂಡಿದ್ದರು. ಡಬ್ಬಿ ಗೆರೆ ಎಳೆದಂತೆ ನೇರವಾಗಿ ನಿಲ್ಲಬೇಕು. ನಮ್ಮದು ಸೊಟ್ಟಗಿದ್ದರೆ ಅದಕ್ಕೂ ಶಿಸ್ತು ಕಲಿಸಿ ಹೋಗುತ್ತಿದ್ದರು.

ನನಗೆ ಹೊರಗಿನವರೊಡನೆ ಮಾತು ಬರುವುದಿಲ್ಲ. ಅವರೊಡನೆ ಮಾತು ಶುರುವಾದದ್ದು ಮೊಸರಿನಿಂದ. ಅವರ ದೇಶದಲ್ಲಿ ಮೊಸರೆಂದರೆ ಪ್ರಾಣವಂತೆ. ಒಂದು ದಿನ ಮನೆಯಲ್ಲಿ ಹೆಪ್ಪು ಹಾಕಿದ್ದನ್ನು ಕೊಂಡುಹೋಗಿ ಬಡಿಸಿ, “ಇನ್ನೂ ಸ್ವಲ್ಪ?” ಎಂದು ಕೇಳಿದೆ. ಅವರು ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಬಡಿಸಿದೆ. ಮತ್ತೆ ಕೇಳಿದೆ, ಮತ್ತೆ ಆಡಿಸಿದರು, ಮತ್ತೆ ಬಡಿಸಿದೆ. ಬಟ್ಟಲು ತುಂಬಿ ಮೇಜಿನ ಮೇಲೆ ಹರಿಯುವಾಗ ಅವರ ಮಗಳು ನಗುತ್ತಾ ಓಡಿಬಂದಳು. ನಿಮ್ಮ ಸ್ನೇಹಿತರನ್ನು ನೋಡಿ ಅವಳೂ ನನ್ನನ್ನು ಆಂಟಿ ಎನ್ನುತ್ತಿದ್ದಳು.

“ಸಾಕು ಆಂಟಿ, ಪಾಪ ಅಪ್ಪ. ನಮ್ಮಲ್ಲಿ ಹೀಗೆ ತಲೆ ಮೇಲೆ ಕೆಳಗೆ ಆಡಿಸಿದ್ರೆ ಬೇಡ ಅಂತ. ಅಡ್ಡಡ್ಡ ಆಡಿಸಿದ್ರೆ ಹೌದು ಅಂತ.”

“ವಿದೇಶದಲ್ಲಿ ಕತ್ತನ್ನ ಹದ್ದುಬಸ್ತಿನಲ್ಲಿ ಇಟ್ಕೊಂಡಿದ್ದೆ ಮೇಡಂ,” ಎಂದರು ರಾಯಭಾರಿಗಳು. “ಮನಸ್ಸು ಬೇರೆ ಕಡೆ ಹೋದ್ರೆ ಅದು ಊರಿಗೆ ವಾಪಸ್ ಹೋಗ್ಬಿಡುತ್ತೆ.”

ನಾನು ಮೈಸೂರಿನ ಕಡೆಯವರಂತೆ ತಲೆಯನ್ನು ಅತ್ತಿತ್ತ ಓಲಾಡಿಸಿದೆ. ಅದರ ಅರ್ಥವೇನೆಂದು ಕೇಳಿದರು. ನನಗೂ ಸರಿಯಾಗಿ ಗೊತ್ತಿಲ್ಲ ಎಂದೆ. ಕೆಲಸದಲ್ಲಿದ್ದಾಗಲೇ ಅದನ್ನು ಕಲಿತಿದ್ದರೆ ಇನ್ನೂ ನಾಲ್ಕು ಒಪ್ಪಂದ ಮಾಡಿಸಬಹುದಿತ್ತು ಎಂದು ಬೇಸರಪಟ್ಟರು.

ಆ ವರ್ಷವೇ ನಮ್ಮಿಬ್ಬರಿಗೂ ಸಿಟಿಜನ್‌ಶಿಪ್ ಇಂಟರ್‌ವ್ಯೂ ಬಂತು. ಬಿಸಿಲೇರುವ ಮೊದಲು ಕೆರೆಯ ಸುತ್ತ ನಡೆಯುತ್ತಾ ಪ್ರಶ್ನೆಗಳನ್ನು ಓದುತ್ತಿದ್ದೆವು. ನಾನು ಊರಿನ ಶಾಲೆಯಲ್ಲಿ ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದೆ. ಅವರು ಪ್ರತಿ ಪ್ರಶ್ನೆಯೊಡನೆ ಜಗಳ ತೆಗೆದು, ಅದನ್ನು ಹೇಗೆ ಕೇಳಬೇಕಿತ್ತು ಎಂದು ವಿವರಿಸುತ್ತಿದ್ದರು. ಒಂದು ಪುಟ ಬಂದಾಗ ಮಾತ್ರ ಜಗಳವಿಲ್ಲ. ಹಳೆಯ ದೇಶದ ನಿಷ್ಠೆಯನ್ನು ಪೂರ್ತಿ ಬಿಡುತ್ತೇನೆ ಎಂದು ಕೊನೆಯಲ್ಲಿ ಪ್ರಮಾಣ ಮಾಡಬೇಕಲ್ಲ, ಆ ಪುಟ. ಅಲ್ಲಿಗೆ ಬಂದರೆ ನನಗೆ ಬಾತುಕೋಳಿ ತೋರಿಸುತ್ತಿದ್ದರು.

ಮಗಳಿಗೆ ಇದು ಆಗಲೇಬೇಕಿತ್ತು. ಅಪ್ಪ ಇಲ್ಲಿನ ಪ್ರಜೆಯಾಗದಿದ್ದರೆ ಯಾವತ್ತೋ ಒಂದು ದಿನ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋಗಿ ಒಬ್ಬರೇ ಇದ್ದುಬಿಡುತ್ತಾರೆ ಎಂಬ ಭಯ ಅವಳಿಗೆ.

ಅವರ ಇಂಟರ್‌ವ್ಯೂ ಡಾಲಸ್‌ನಲ್ಲಿ, ನನ್ನದಕ್ಕಿಂತ ಒಂದು ವಾರ ಮೊದಲು ನಡೆಯಿತು. ಪಾಸಾದರು. ಮಗಳು ಕೇಕ್ ತಂದು ನಮಗೂ ಕಳಿಸಿದಳು. ಮರುದಿನ ಬೆಳಿಗ್ಗೆ ಕೆರೆಯ ಬಳಿ ಅವರ ಮುಖ ನೋಡಿದರೆ ಯುದ್ಧ ಸೋತು ಬಂದಂತಿತ್ತು.

“ಪ್ರಮಾಣ ಮಾಡೋಕೆ ಒಪ್ಪಿಗೆನಾ ಅಂತ ಇಂಟರ್‌ವ್ಯೂ ಮಾಡಿದ ಹುಡುಗಿ ಕೇಳಿದಳು ಮೇಡಂ. ನಾನು ಇಲ್ಲ ಅಂದೆ.”

“ಬಾಯಲ್ಲಿ ಅಂದ್ರಾ ಸರ್?”

“ಮನಸ್ಸು ಊರಿಗೆ ಹೋಗಿತ್ತು. ಕತ್ತಲ್ಲಿ ಅಂದೆ.”

ಅವರು ತಮ್ಮ ಊರಿನಂತೆ ಬೇಡವೆಂದು ತಲೆಯನ್ನು ಮೇಲೆ ಕೆಳಗೆ ಆಡಿಸಿದ್ದಾರೆ. ಆಕೆ ಹೌದೆಂದು ಗುರುತು ಹಾಕಿ ಕೈ ಕುಲುಕಿದ್ದಾಳೆ.

“ಇಲ್ಲ ಅನ್ನೋದು ಹೌದು ಅಂತ ಕಾಣೋ ಹಾಗೆ ಮಾಡೋಕೆ ನನಗೆ ವರ್ಷಗಟ್ಟಲೆ ಸಂಬಳ ಕೊಟ್ಟಿದ್ರು. ಕಷ್ಟಪಡದೆ ಆಗಿದ್ದು ಇದೇ ಮೊದಲು.”

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಅಂದು ನಾನು ನನ್ನ ಜೀವನದಲ್ಲೇ ಅತಿ ಉದ್ದದ ಇಂಗ್ಲಿಷ್ ಆಡಿದೆ. “ಹಾಗೇ ಬಿಡಿ ಸರ್. ನನ್ನ ಮದುವೇಲಿ ಮನೆ, ಗೋತ್ರ, ಹೆಸರು, ಎಲ್ಲಾ ಬದಲಾಯಿಸಿದ್ರು. ಅದಕ್ಕೇ ತವರು ಮರೆತುಹೋಯ್ತಾ? ಇವತ್ತಿಗೂ ಕನಸಲ್ಲಿ ಬರೋದು ಅದೇ ಮನೆ. ಒಂದು ಮಾತಿಗೆ ಏನೂ ಹೋಗಲ್ಲ.”

ಅವರು ನನ್ನ ಕಡೆ ತಿರುಗಿದರು. “ಮಂತ್ರಿ ಆಗಬೇಕಾಗಿದ್ದವರು ನೀವು. ಆದರೆ ಮದುವೇಲಿ ನಿಮ್ಮನ್ನ ಯಾರೂ ಕೇಳಲಿಲ್ಲ. ನನ್ನನ್ನ ಕೇಳಿದಾರೆ. ಕೇಳಿದ ಮೇಲೆ ನಿಜ ಹೇಳಬೇಕಾಗುತ್ತೆ.”

ಮುಂದಿನ ವಾರ ನನ್ನ ಇಂಟರ್‌ವ್ಯೂನಲ್ಲಿ ಅದನ್ನೇ ಕೇಳಿದಾಗ, ಯೋಚಿಸಿಯೇ ಹೌದು ಎಂದೆ.

ಅವರು ಕಚೇರಿಗೆ ಪತ್ರ ಬರೆದರು. ಮೊದಲ ಕರಡು ಬೆಟ್ಟದ ಹಿಮದಿಂದ ಶುರುವಾಗಿ ಮೂರು ಪುಟವಾಯಿತು. ಇದನ್ನು ಯಾರು ಓದುತ್ತಾರೆ ಸರ್ ಎಂದೆ. ಮುನಿಸಿಕೊಂಡು ಹೋಗಿ, ಎರಡೇ ಸಾಲಿನದನ್ನು ತಂದರು. ತಪ್ಪು ತಿಳುವಳಿಕೆಯಾಗಿದೆ, ನನ್ನ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಅಷ್ಟೇ.

ಮಗಳು ಎರಡು ದಿನ ಅವರೊಡನೆ ಮಾತಾಡಲಿಲ್ಲ. ಮೂರನೆಯ ದಿನ ನಾನು ಮೊಸರು ಕೊಡಲು ಹೋದಾಗ ಅಡುಗೆಮನೆಯಲ್ಲಿ ಇಬ್ಬರೂ ಎದುರುಬದುರು ನಿಂತಿದ್ದರು.

“ಊರಿಗೆ ಹೋಗೋಕೆ ತಾನೇ ಇದೆಲ್ಲಾ?” ಎಂದು ಅವಳು ನನ್ನೆದುರೇ ಇಂಗ್ಲಿಷಿನಲ್ಲಿ ಕೇಳಿದಳು. ನಾನು ಬಟ್ಟಲು ಹಿಡಿದು ಫ್ರಿಜ್ಜಿನ ಪಕ್ಕಕ್ಕೆ ಸರಿದೆ.

ರಾಯಭಾರಿಗಳು ಅಂಗಿಯ ಗುಂಡಿ ಹಾಕಿಕೊಂಡು, ಹಿಮ್ಮಡಿ ಜೋಡಿಸಿ, ಬಲಗೈ ಎತ್ತಿದರು. ತಮ್ಮ ಭಾಷೆಯಲ್ಲಿ ನಿಧಾನವಾಗಿ ಏನೋ ಹೇಳಿದರು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಇಲ್ಲೇ ಇರುತ್ತೇನೆ ಎಂಬ ಪ್ರಮಾಣವಿರಬೇಕು. ಅವಳು ಕಣ್ಣೊರೆಸಿಕೊಂಡು ಮೇಜಿನ ಮೇಲಿದ್ದ ಪತ್ರ ತೆಗೆದುಕೊಂಡಳು.

“ಪೋಸ್ಟ್ ಆಫೀಸ್ ಐದಕ್ಕೆ ಕ್ಲೋಸ್ ಆಗುತ್ತೆ,” ಎಂದಳು. “ಕಾರು ಹತ್ತಿ ಅಪ್ಪ.”