ಮೋತಿಯ ಬೆನ್ನ ಮೇಲೆ ತೆಗೆದ ಅಳತೆ

ಆಗ ನಮ್ಮ ಹುನಗುಂದದಲ್ಲಿ ಬೇಸಿಗೆ ರಜೆ ಅಂದರೆ ಶೇಂಗಾ ಒಡೆಯುವುದು, ಕುಂಟಾಟ ಆಡುವುದು, ಮಧ್ಯಾಹ್ನ ಅವ್ವನ ಕಣ್ಣು ತಪ್ಪಿಸಿ ಹುಣಸೆ ಗಿಡ ಹತ್ತುವುದು, ಅಷ್ಟೇ. ಮಕ್ಕಳನ್ನು ಕ್ಯಾಂಪು ಗೀಂಪು ಅಂತ ಪರವೂರಿಗೆ ಕಳಿಸುವ ಪದ್ಧತಿ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಅಂಥ ಕಾಲದಲ್ಲಿ, ದರ್ಜಿ ಈರಪ್ಪನ ಮಗಳಾದ ನಾನು, ಆರನೇ ಇಯತ್ತೆ ಮುಗಿಸಿ ಹತ್ತು ದಿನದ ಕುದುರೆ ಸವಾರಿ ಕ್ಯಾಂಪಿಗೆ ಹೊರಟು ನಿಂತೆ. ಅದೂ ಒಂದು ಸುಳ್ಳು ಹೇಳಿ.

ಸುಳ್ಳು ಹೀಗಾಯಿತು. ಪರೀಕ್ಷೆ ಮುಗಿದ ದಿನ ಡ್ರಿಲ್ ಸರ್ ವರ್ಗಕ್ಕೆ ಬಂದು, "ಬಿಜಾಪುರದ ಹೊರಗ ಮಕ್ಕಳಿಗೆ ಕುದುರಿ ಸವಾರಿ ಕಲಿಸೋ ಕ್ಯಾಂಪ್ ಹಾಕ್ಯಾರ. ನಮ್ಮ ಸಾಲಿಗೆ ಒಂದ ಸೀಟು ಬಂದೈತಿ. ಮೊದಲ ಯಾರರ ಕುದುರಿ ಹತ್ತೀರೇನು?" ಎಂದರು. ಯಾರೂ ಕೈ ಎತ್ತಲಿಲ್ಲ. ನನ್ನ ಕೈ ಮಾತ್ರ ನನ್ನನ್ನು ಕೇಳದೆ ಮೇಲೆದ್ದಿತು.

"ನಾ ಹತ್ತೇನ್ರಿ ಸರ್!"

"ಎಲ್ಲಿ ಹತ್ತೀದಿ?"

"ಐಹೊಳಿಯೊಳಗ್ರಿ, ನಮ್ಮ ಮಾಮಾನ ಮನ್ಯಾಗ."

ಐಹೊಳೆಯ ನಮ್ಮ ಮಾಮಾನ ಮನೆಯಲ್ಲಿ ಇದ್ದದ್ದು ಎರಡು ಆಡು, ಒಂದು ಮುರುಕು ಸೈಕಲ್ಲು. ಕುದುರೆಯನ್ನು ನಾನು ಮುಟ್ಟಿ ಕೂಡ ನೋಡಿರಲಿಲ್ಲ. ಆದರೆ ಸರ್ ನನ್ನ ಹೆಸರು ಬರೆದುಕೊಂಡರು, ತರಬೇಕಾದ ಸಾಮಾನಿನ ಚೀಟಿ ಕೈಗೆ ಕೊಟ್ಟರು. ಬಿಗಿ ಪ್ಯಾಂಟು, ಹಿಮ್ಮಡಿ ಇರುವ ಬೂಟು, ಟೋಪಿ. ಮನೆ ಮುಟ್ಟುವವರೆಗೆ ಹಾರಿಕೊಂಡೇ ಹೋದೆ. ಬಾಗಿಲು ದಾಟಿದ ಮೇಲೆ ಚೀಟಿ ಮತ್ತೆ ತೆಗೆದು ನೋಡಿದೆ. ಕ್ಯಾಂಪಿನಲ್ಲಿ ಕುದುರೆ ಮುಂದೆ ನಿಲ್ಲಿಸಿ 'ಹತ್ತು' ಅಂದರೆ?

ಅಪ್ಪನ ಅಂಗಡಿ ಕೋರ್ಟಿನ ಹಿಂದೆ. ವಕೀಲರ ಕರಿ ಕೋಟು ಹೊಲಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಾತು ಮಾತ್ರ ಭಾಳ ಕಡಿಮೆ. ರೊಟ್ಟಿ ಮುರಿಯುತ್ತಾ ಕೂತವನ ಮುಂದೆ ನಾನು ಎಲ್ಲಾ ಒಪ್ಪಿಕೊಂಡು ಅತ್ತೆ. ಅಪ್ಪ ಚೀಟಿಯನ್ನು ಎರಡು ಸಲ ಓದಿದ.

"ಹೋಗಾಕ ಎಷ್ಟ ದಿನ ಅದಾವು?"

"ಎಂಟು."

"ಸುಳ್ಳ ಅಂತೂ ಹೇಳೀದಿ. ಎಂಟ ದಿನದಾಗ ಅದನ್ನ ಖರೆ ಮಾಡೂಣು."

ಅವ್ವ ಒಲೆಯ ಮುಂದಿನಿಂದಲೇ ಹಣೆ ಬಡಿದುಕೊಂಡಳು. "ಆಕಿ ಕುಣಿತಾಳಂತ ನೀವೂ ಕುಣೀರಿ! ಹೆಣ್ಣ ಹುಡುಗಿ ಕೈ ಕಾಲು ಮುರಕೊಂಡು ಬಂದ್ರ?" ಅಂದಳು. ಹಾಗೆ ಅಂದವಳೇ ಮರುದಿನ ನಸುಕಿನಲ್ಲಿ ಕಟಕ ರೊಟ್ಟಿ ಬಡಿಯಲು ಕೂತಿದ್ದಳು, ಹತ್ತು ದಿನಕ್ಕಾಗುವಷ್ಟು. ಶೇಂಗಾ ಹಿಂಡಿ ಕುಟ್ಟಿದ ಘಾಟಿಗೆ ಇಡೀ ಓಣಿ ಸೀನಿತು. ಅಮೀನಗಡದಿಂದ ಕರದಂಟು ತರಿಸಿ, ನನ್ನ ಕೈಗೆ ಸಿಗಬಾರದೆಂದು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟಳು. ನನಗೆ ಸಿಕ್ಕೇ ಸಿಕ್ಕಿತು.

ಊರಲ್ಲಿ ಇದ್ದದ್ದು ಒಂದೇ ಕುದುರೆ, ಮಕ್ತುಂ ಕಾಕಾನ ಮೋತಿ. ಬಿಳಿ ಕುದುರೆ. ಇಳಕಲ್ಲಿನಿಂದ ಬದಾಮಿಯವರೆಗೆ ಯಾರ ಮದುವೆಯಾದರೂ ಮದುಮಗ ಮೋತಿಯ ಮೇಲೆಯೇ ಮೆರವಣಿಗೆ ಹೊರಡಬೇಕು. ಅದಕ್ಕೆ ಹೊದಿಸುವ ಜರಿಯ ಜೂಲು ಹೊಲಿದವನು ಅಪ್ಪನೇ. ಹಾಗಾಗಿ ಅಪ್ಪ ಹೋಗಿ ಕೇಳಿದ್ದೇ ತಡ, ಕಾಕಾ ಕುದುರೆ ಹಿಡಿದುಕೊಂಡು ನಮ್ಮ ಮನೆ ಮುಂದೆ ಬಂದ. "ಸಂಜೀಮುಂದ ಮದುವಿ ಅದಾವು. ಮುಂಜಾನಿ ಎಲ್ಲಾ ಮೋತಿ ನಿಂದ ಬೇಟಿ," ಎಂದ.

ಅಷ್ಟರಲ್ಲಿ ಅಪ್ಪ ನನ್ನನ್ನು ನೆಟ್ಟಗೆ ನಿಲ್ಲಿಸಿ ಅಳತೆ ತೆಗೆದು, ಕೋಟಿನ ಬಟ್ಟೆಯಲ್ಲಿ ಒಂದು ಬಿಗಿ ಪ್ಯಾಂಟು ಹೊಲಿದು ಮುಗಿಸಿದ್ದ. ಕಡ್ಡಿ ಕಾಲಿನಂಥ ಕರಿ ಪ್ಯಾಂಟು ಹಾಕಿಕೊಂಡು ನಾನು ಹೊರಗೆ ಬಂದರೆ ಓಣಿಯ ಹುಡುಗಿಯರೆಲ್ಲ ಬಾಯಿ ತೆರೆದರು. ನನಗೋ, ಮೋತಿಯನ್ನು ಹತ್ತಿರದಿಂದ ನೋಡಿದ್ದೇ ಜೀವ ಹಾರಿತು. ಗೋಡೆಯಷ್ಟು ಎತ್ತರ! ಬೆವರು, ನೆನೆದ ಕಡಲೆ, ಹಸಿ ಹುಲ್ಲು, ಎಲ್ಲ ಕೂಡಿದ ವಾಸನೆ. ನೊಣ ಕೂತಲ್ಲೆಲ್ಲ ಅದರ ಚರ್ಮ ತನ್ನಷ್ಟಕ್ಕೇ ಅದುರುತ್ತಿತ್ತು.

"ಅವ್ವಾ, ಯಾಕೋ ಕಾಲು ನೋಯಾಕತ್ತಾವು," ಎಂದೆ ಮೆಲ್ಲಗೆ.

"ಕುದುರಿ ಕಂಡ್ರ ಕಾಲು ನೋವು ಅಂತಾರ, ಕೇಳೀನಿ. ಮಂದಿಗೆ ಹತ್ತಾಕ ನೋಯ್ತಾವು. ನಿನಗ ಹತ್ತಬಾರದಂತ ನೋಯ್ತಾವೇನು?"

ಎಲ್ಲರೂ ಗೊಳ್ಳೆಂದು ನಕ್ಕರು. ಆ ಸಿಟ್ಟಿಗೇ ಜೀನಿನಿಂದ ಜೋತ ರಿಕಾಪಿನಲ್ಲಿ ಕಾಲಿಟ್ಟೆ. ಕಾಕಾ ಎತ್ತಿದ, ಅಪ್ಪ ಹಿಂದಿನಿಂದ ದೂಡಿದ, ನಾನು ಇನ್ನೊಂದು ಕಾಲು ಆಚೆ ಹಾಕಿದೆ. 'ಪರ್ರ್' ಎಂದಿತು. ಪ್ಯಾಂಟು ಸೀಟಿನಿಂದ ಮೊಣಕಾಲಿನವರೆಗೆ ಸೀಳಿ ಹೋಗಿತ್ತು. ಮೇಲೆ ಉದ್ದನೆಯ ಅಂಗಿ ಇತ್ತೋ, ಮಾನ ಉಳಿಯಿತು. ಇಳಿಯುವ ಹಾಗಿಲ್ಲ, ಕೂಡುವ ಹಾಗಿಲ್ಲ, ಮೋತಿಯ ಕುತ್ತಿಗೆಯ ಕೂದಲಲ್ಲಿ ಮುಖ ಮುಚ್ಚಿಕೊಂಡೆ.

ಅಪ್ಪ ನಗಲಿಲ್ಲ. ಹರಿದದ್ದನ್ನು ಎರಡು ಬೆರಳಿನಿಂದ ಹಿಡಿದು ನೋಡಿ, "ತಪ್ಪು ನಂದವಾ," ಎಂದ. "ನಿಂತ ಅಳತಿ ತಗೊಂಡು ಕುಂದ್ರೋ ಪ್ಯಾಂಟು ಹೊಲದ್ರ ಹರೀದೆ ಏನಾದೀತು! ಅಲ್ಲೇ ಇರು, ಇಳೀಬ್ಯಾಡ."

ಕೊರಳಲ್ಲಿದ್ದ ಟೇಪು ತೆಗೆದ. ಮೋತಿಯನ್ನು ಒಂದು ಸುತ್ತು ಬಂದು, ನಾನು ಕಾಲು ಅಗಲಿಸಿ ಕೂತ ಹಾಗೆಯೇ ಸೊಂಟ, ತೊಡೆ, ಮಡಚಿದ ಮೊಣಕಾಲು, ಎಲ್ಲಾ ಅಳೆದ. ವಕೀಲರ ಕೋಟಿನ ಅಂಗಡಿಯ ಈರಪ್ಪ ಮಗಳನ್ನು ಮದುವೆ ಕುದುರೆ ಮೇಲೆ ಕೂಡಿಸಿ ಅಳತೆ ತೆಗೆಯುತ್ತಾನೆ ಎಂದು ಸುದ್ದಿ ಹಬ್ಬಿ, ಕೋರ್ಟಿಗೆ ಹೊರಟಿದ್ದ ಇಬ್ಬರು ವಕೀಲರೂ ನಿಂತು ನೋಡಿ ಹೋದರು. ಎರಡು ದಿನಕ್ಕೆ ಹೊಸ ಪ್ಯಾಂಟು ತಯಾರಾಯಿತು. ಸೀಟಿಗೆ ಬೇರೆ ತುಂಡು, ಮೊಣಕಾಲಿಗೆ ನೆರಿಗೆ. ಹಾಕಿಕೊಂಡು ನೋಡಿದೆ.

"ಅಪ್ಪಾ, ಒಳಗ ಹೊಲಿಗಿ ಭಾಳ ದಪ್ಪ ಆಗೇತಿ. ಚುಚ್ಚತೈತಿ."

"ಇರ್ಲಿ ಬಿಡು. ರೂಢಿ ಆಗತೈತಿ."

ಹತ್ತಿ ಕೂತದ್ದೇನೋ ಆಯಿತು, ಇನ್ನು ಕುದುರೆ ನಡೆಯಬೇಕಲ್ಲ! ಕಾಕಾ ಜಗ್ಗಿದ, ಬೈದ, ಕಡಲೆ ತೋರಿಸಿದ. ಮೋತಿ ಜಪ್ಪೆನ್ನಲಿಲ್ಲ. ಕೊನೆಗೆ ಕಾಕಾ ನಾಚಿಕೊಂಡು, "ಬರೇ ಮದುವಿ ಮಾಡಿ ಮಾಡಿ ಇಂವಗ ರೂಢಿ ಬಿದ್ದುಬಿಟ್ಟೈತಿ ಈರಪ್ಪಣ್ಣ. ಮ್ಯಾಲೆ ಮಂದಿ ಕುಂತ್ರ ಮುಂದ ಬಾಜಾ ಬೇಕು. ಬಾಜಾ ಇಲ್ದ ಒಂದ ಹೆಜ್ಜಿ ಇಡಂಗಿಲ್ಲ," ಎಂದ.

ನನ್ನ ಕಣ್ಣಲ್ಲಿ ನೀರು ಬಂತು. ಅಪ್ಪ ಒಳಗೆ ಹೋದ. ಗುಂಡಿಗಳನ್ನು ಹಾಕಿಡುವ ತಗಡಿನ ಡಬ್ಬಿಯನ್ನು ಬರಿದು ಮಾಡಿ, ಬಟ್ಟೆ ಅಳೆಯುವ ಕಟ್ಟಿಗೆಯ ಪಟ್ಟಿ ಹಿಡಿದು ಹೊರಗೆ ಬಂದ. ಒಂದು ಸಲ ಅತ್ತಿತ್ತ ನೋಡಿದ. ಆಮೇಲೆ ಬಡಿಯಲು ಶುರುಮಾಡಿದ, ಡಣಾ ಡಣ್, ಡಣಾ ಡಣ್! ನಮ್ಮಪ್ಪ! ದೇವರ ಭಜನೆಯಲ್ಲೂ ಹಿಂದೆ ಕೂಡುವ ನಮ್ಮಪ್ಪ! ಮೋತಿ ಕಿವಿ ನೆಟ್ಟಗೆ ಮಾಡಿತು, ಕುತ್ತಿಗೆ ಬಾಗಿಸಿತು, ಮದುಮಗನ ಕುದುರೆಯ ಠೀವಿಯಲ್ಲಿ ಹೆಜ್ಜೆ ಇಟ್ಟಿತು. ಹುಡುಗಿಯರೆಲ್ಲ ತಾಟು ಚಮಚ ತಂದರು. ಅವ್ವನೂ ಸೆರಗು ಸಿಕ್ಕಿಸಿ ಮೊರ ಬಡಿದಳು. ನಾನು ಮೇಲೆ ಕಿರುಚುತ್ತಿದ್ದೆ, ಹೆದರಿಯೋ ಖುಷಿಯಿಂದಲೋ ನನಗೇ ಗೊತ್ತಿರಲಿಲ್ಲ.

ಐದು ಮುಂಜಾನೆ ಹೀಗೇ ನಡೆಯಿತು. ಬಡಿತ ಜೋರಾದರೆ ಮೋತಿ ಮುಂದಿನ ಕಾಲೆತ್ತಿ ಕುಣಿಯುತ್ತಿತ್ತು, ನಿಂತರೆ ಗಕ್ಕನೆ ನಿಲ್ಲುತ್ತಿತ್ತು. ಎರಡು ಸಲ ಬಿದ್ದೆ. ಮೂರನೇ ದಿನದ ಹೊತ್ತಿಗೆ ಬೆನ್ನು ಸೆಟೆಸಿ ಕೂಡಲು ಬಂತು. ಕದ್ದ ಕರದಂಟಿನಲ್ಲಿ ಅರ್ಧ ಮೋತಿಗೇ ಹೋಗುತ್ತಿತ್ತು.

ಕೊನೆಯ ದಿನ ಓಣಿಯ ತಿರುವಿನಲ್ಲಿ ಸೈಕಲ್ ಹಿಡಿದು ನಿಂತಿದ್ದವರು ಡ್ರಿಲ್ ಸರ್. ಮೆರವಣಿಗೆ ಅವರ ಮುಂದೆಯೇ ಬಂತು. ಅಪ್ಪನ ಕೈ ನಿಂತಿತು. ಮೋತಿಯೂ ನಿಂತಿತು.

"ಏನವಾ ಗಿರಿಜಾ, ಯಾರ ಮದುವಿ?"

ಇನ್ನು ಮುಚ್ಚಿಟ್ಟು ಏನು ಮಾಡುವುದು! "ಸರ್, ನಾ ಅವತ್ತ ಸುಳ್ಳ ಹೇಳಿದ್ದೆರಿ. ಐಹೊಳಿಯೊಳಗ ಕುದುರಿ ಇಲ್ರಿ. ನಾ ಹತ್ತಿರ್ಲಿಲ್ರಿ," ಎಂದು ಒಂದೇ ಉಸಿರಿಗೆ ಹೇಳಿದೆ. ಸೀಟು ಹೋಯಿತು ಎಂದು ಗಟ್ಟಿಯಾಗಿ ಲಗಾಮು ಹಿಡಿದುಕೊಂಡೆ.

ಸರ್ ಅಪ್ಪನ ಕಡೆ ನೋಡಿದರು. ಅಪ್ಪನ ಕೈಯಲ್ಲಿ ಇನ್ನೂ ನೆಗ್ಗಿದ ಡಬ್ಬಿ ಇತ್ತು.

"ಈಗ ಹತ್ಯಾಳಲ್ರಿ ಸರ್," ಎಂದ ಅಪ್ಪ.

ಸರ್ ಸೈಕಲ್ಲಿನ ಮೇಲೆ ಬಗ್ಗಿ ನಕ್ಕರು. "ಹತ್ಯಾಳ್ರಿ, ಕಣ್ಣಾರೆ ನೋಡಿದೆ. ನಾಳೆ ಆರರ ಬಸ್ಸಿಗೆ ಕಳಸ್ರಿ. ಮತ್ತ, ನೀವು ಯಾಕ ನಿಲ್ಲಿಸಿದ್ರಿ? ಬಡೀರಿ!"

ಕ್ಯಾಂಪಿನಲ್ಲಿ ಹಿಮ್ಮಡಿ ತಾಗಿಸಿದರೆ ಸಾಕು, ಕುದುರೆ ಸುಮ್ಮನೆ ನಡೆದುಬಿಟ್ಟಿತು. ಬಾಜಾ ಇಲ್ಲದೆ! ನಾನು ನಂಬದೆ ಹಿಂದೆ ತಿರುಗಿ ನೋಡಿದೆ. ಹತ್ತು ದಿನ ಹೇಗೆ ಹೋದವೋ. ದಪ್ಪ ಹೊಲಿಗೆ ಉಜ್ಜಿ ತೊಡೆ ಕೆಂಪಾಗಿತ್ತು, ಅಪ್ಪನನ್ನು ಮನಸ್ಸಿನಲ್ಲೇ ಬೈದುಕೊಂಡೆ. ಆ ಕ್ಯಾಂಪಿನ ಸೀಟು ಮುಂದೆ ನಮ್ಮ ಶಾಲೆಗೆ ಎಂದೂ ಬರಲಿಲ್ಲ.

ಈಗ ನಾವು ಬಾಗಲಕೋಟೆಯ ನವನಗರದಲ್ಲಿದ್ದೇವೆ. ಹೋದ ತಿಂಗಳು ನನ್ನ ಮಗಳು ಅನು ಇಂಥದೇ ಕ್ಯಾಂಪಿಗೆ ಹೊರಟಳು. ಮೊಬೈಲು ಒತ್ತಿದ ಮೂರನೇ ದಿನಕ್ಕೆ ಪ್ಯಾಂಟು, ಬೂಟು, ಹೆಲ್ಮೆಟ್ಟು ಮನೆಗೆ ಬಂದವು. ಪ್ಯಾಂಟು ರಬ್ಬರಿನ ಹಾಗೆ ಜಗ್ಗುತ್ತದೆ. ನಿಂತ ಅಳತೆಯೂ ಬೇಡ, ಕೂತ ಅಳತೆಯೂ ಬೇಡ. ಒಳಗೆ ತಿರುವಿ ನೋಡಿದೆ, ಹೊಲಿಗೆಯಲ್ಲಿ ಒಂದು ಬೆರಳಿನಷ್ಟೂ ಹೆಚ್ಚಿನ ಬಟ್ಟೆ ಬಿಟ್ಟಿರಲಿಲ್ಲ. ಅಪ್ಪ ಹೋಗಿ ಎರಡು ವರ್ಷವಾಯಿತು. ಮಕ್ತುಂ ಕಾಕಾ, ಮೋತಿ ಅದಕ್ಕೂ ಮೊದಲೇ ಹೋದರು.

ನನ್ನ ಹಳೆಯ ಪ್ಯಾಂಟು ನೋಡಬೇಕೆಂದು ಅನು ಹಟ ಹಿಡಿದಳು. ಟ್ರಂಕಿನಿಂದ ತೆಗೆದೆವು. ಅಷ್ಟು ಚುಚ್ಚುತ್ತಿದ್ದದ್ದು ಏನೆಂದು ಮೊದಲ ಬಾರಿ ಬ್ಲೇಡಿನಿಂದ ಹೊಲಿಗೆ ಬಿಚ್ಚಿದೆ. ಸೊಂಟದಲ್ಲಿ, ತೊಡೆಯಲ್ಲಿ, ಕಾಲಿನ ತುದಿಯಲ್ಲಿ ಬಟ್ಟೆ ಮಡಿಕೆ ಮಡಿಕೆಯಾಗಿ ಒಳಗೆ ಕೂತಿತ್ತು. ಹೊರಗೆಲ್ಲ ಬಣ್ಣ ಮಾಸಿದೆ, ಅದು ಮಾತ್ರ ಅಂಗಡಿಯಿಂದ ತಂದಷ್ಟು ಕಪ್ಪು. ಅದರ ಮೇಲೆ ಬಿಳಿ ದಾರದಲ್ಲಿ ಹಾಕಿದ ಸಾಲುಗಳು, ಒಂದರ ಕೆಳಗೊಂದು.

"ಇವೇನವ್ವಾ ನಾಲ್ಕ ಗೆರಿ?" ಎಂದಳು ಅನು.

ಹುಡುಗಿ ಬೆಳೆದ ಹಾಗೆ ವರ್ಷಕ್ಕೊಂದು ಮಡಿಕೆ ಬಿಚ್ಚಿ ಪ್ಯಾಂಟು ದೊಡ್ಡದು ಮಾಡಲು ದರ್ಜಿ ಹಾಕಿಡುವ ಗುರುತು ಅದು. ಏಳನೇ ಇಯತ್ತೆಗೆ ಒಂದು, ಎಂಟಕ್ಕೆ ಒಂದು, ಒಂಬತ್ತಕ್ಕೆ, ಹತ್ತಕ್ಕೆ. ನನಗೆ ಅಳು ತಡೆಯಲಾಗಲಿಲ್ಲ. ಪ್ರತಿ ಏಪ್ರಿಲ್ ತಿಂಗಳಲ್ಲಿ ಅಪ್ಪ ಊಟಕ್ಕೆ ಕೂತಾಗ ಒಮ್ಮೆ ಕೇಳುತ್ತಿದ್ದ, "ಸಾಲ್ಯಾಗ ಡ್ರಿಲ್ ಸರ್ ಏನರ ಹೇಳಿದ್ರೇನವಾ?" ನಾಲ್ಕು ವರ್ಷ ಕೇಳಿದ. "ಏನಿಲ್ಲಪ್ಪಾ," ಎಂದು ನಾನು ಕೈ ತೊಳೆದು ಆಡಲು ಓಡುತ್ತಿದ್ದೆ.